ಷರಾ ಕಾಲಂನಲ್ಲಿ ಎರಡಕ್ಷರ

ಗಂಡ ಸತ್ತ ಸುದ್ದಿಯನ್ನು ವೀರಮ್ಮ ಕೇಳಿದ್ದು ರೇಡಿಯೋದಲ್ಲಿ.

ಆಕಾಶವಾಣಿಯಲ್ಲಲ್ಲ ಮತ್ತೆ. ಆಕಾಶವಾಣಿಯವರು ಸಾವಿನ ಸುದ್ದಿ ಓದಬೇಕಾದರೆ ಸತ್ತವರು ಮಂತ್ರಿಯಾದರೂ ಆಗಿರಬೇಕು. ಶೆಟ್ಟಿಕೊಪ್ಪದ ಗಿರಣಿ ವೃಷಭೇಂದ್ರಪ್ಪ ಇದ್ದರೆಷ್ಟು, ಹೋದರೆಷ್ಟು ಅವರಿಗೆ? ಇದು ಹ್ಯಾಮ್ ರೇಡಿಯೋ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಹೆಂಚಿನ ಮೇಲೆ ಆಂಟೆನಾ ನಿಲ್ಲಿಸಿ, ಮುಖ ಕಂಡರಿಯದವರ ಜೊತೆಗೂ ಹರಟುವ ಹುಚ್ಚಿಗೆ ಆ ಹೆಸರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕು ಸೇರಿಸಿದರೂ ಅಂಥ ಹುಚ್ಚರು ಒಂದು ಜೀಪು ತುಂಬುವಷ್ಟಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ರೇಡಿಯೋ ಹಾಕಿ ಹಾಜರಿ ಕೊಡುತ್ತಿದ್ದರು. ಅದಕ್ಕೆ ಬೆಳಗಿನ ನೆಟ್ ಅನ್ನುವುದು. ಹಾಜರಿ ಕೂಗುವವರು ಚಿಕ್ಕಮಗಳೂರಿನ ಕಲ್ಲೇಶಪ್ಪನವರು, ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಗುಡ್ಡದ ತುದಿಯಲ್ಲಿ ಕೂರಿಸಿದ ರಿಪೀಟರ್ ಎಂಬ ಪೆಟ್ಟಿಗೆ ಇವರ ದನಿ ಹಿಡಿದು ಅವರಿಗೆ, ಅವರ ದನಿ ಹಿಡಿದು ಇವರಿಗೆ ದಾಟಿಸುತ್ತಿತ್ತು.

ಇದರಲ್ಲೊಂದು ಪದ್ಧತಿ ಉಂಟು. ಯಾರ ಜೊತೆ ಮಾತಾಡಿದರೂ ಬರೆದಿಡಬೇಕು: ತಾರೀಕು, ವೇಳೆ, ಕಾಲ್‌ಸೈನು ಎಂದು ಲೈಸೆನ್ಸಿನ ಜೊತೆ ಅವರಿಗೆ ಸಿಕ್ಕ ಗುರುತಿನ ಹೆಸರು, ದನಿ ಎಷ್ಟು ಚೆನ್ನಾಗಿ ಬಂತು ಎಂಬುದು. ಅದೇ ಲಾಗ್. ಗಂಡಸರು ಹವ್ಯಾಸ ಅಂತ ಶುರು ಮಾಡಿದ್ದಕ್ಕೆಲ್ಲ ಕೊನೆಗೆ ಚಾಕರಿ ಮಾಡುವುದು ಹೆಂಗಸರು ತಾನೆ? ಈ ಮನೆಯಲ್ಲೂ ಹಾಗೇ. ವೃಷಭೇಂದ್ರಪ್ಪ ಮಾತಾಡುತ್ತಿದ್ದ, ವೀರಮ್ಮ ಬರೆಯುತ್ತಿದ್ದಳು. ಅವಳ ಬರವಣಿಗೆ ಚೊಕ್ಕ ಎಂದು ಇಡೀ ನೆಟ್ಟಿನ ಹಾಜರಿಯೂ ಬರಬರುತ್ತ ಅವಳ ಕೊರಳಿಗೇ ಬಿತ್ತು. ಬರೆಯಬಹುದು, ಕೇಳಬಹುದು, ಮೈಕು ಮಾತ್ರ ಮುಟ್ಟುವಂತಿಲ್ಲ. ಲೈಸೆನ್ಸು ಅವನದು, ಅವಳದಲ್ಲ. ಆ ವಿಷಯದಲ್ಲಿ ವೃಷಭೇಂದ್ರಪ್ಪ ಭಾರೀ ಕಟ್ಟುನಿಟ್ಟು. ಮದುವೆಯಾಗಿ ಇಷ್ಟು ವರ್ಷದಲ್ಲಿ ವೀರಮ್ಮ ಆ ಮೈಕನ್ನು ಧೂಳು ಒರೆಸುವುದಕ್ಕಷ್ಟೇ ಕೈಯಲ್ಲಿ ಹಿಡಿದದ್ದು.

ಎರಡು ಸಾವಿರದ ಐದನೇ ಇಸವಿ, ಸಂಕ್ರಾಂತಿ ಕಳೆದಿತ್ತು. ಕೊಪ್ಪದ ಸಿರಾಜುದ್ದೀನ್ ಯಾವುದೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರ್ ಒಂದನ್ನು ರಿಪೇರಿ ಮಾಡಿ ತಂದು ಗಿರಣಿ ಪಕ್ಕದ ಕೋಣೆಯಲ್ಲಿ ಕೂರಿಸಿದ. ಅವನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಟಿ.ವಿ., ರೇಡಿಯೋ ರಿಪೇರಿ ಅಂಗಡಿ. ಅವನೂ ಹ್ಯಾಮ್, ವೃಷಭೇಂದ್ರಪ್ಪನ ಜೀವದ ಗೆಳೆಯ. "ಪುಸ್ತಕ ಸಾಕು ಅತ್ತಿಗೆ, ಇನ್ನು ಸಾಫ್ಟ್‌ವೇರ್. ನೀವು ಹೆಂಗೂ ಟೈಪಿಂಗ್ ಲೋಯರ್ ಪಾಸಾದೋರು," ಅಂದ. ಬಾಳೆಹೊನ್ನೂರಿನಲ್ಲಿ ಕನ್ಯೆಯಾಗಿದ್ದಾಗ ಕಲಿತ ಟೈಪಿಂಗು ಹೀಗೆ ಕೆಲಸಕ್ಕೆ ಬರುತ್ತದೆ ಎಂದು ಯಾರು ಕಂಡಿದ್ದರು!

ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಆ ಸಾಫ್ಟ್‌ವೇರು ಹಿಡಿಸಿತು. ಹ್ಯಾಮ್‌ಗಳಿಗೆ ಲಂಡನ್ನಿನ ಗಡಿಯಾರವೇ ಗಡಿಯಾರ. ನಮ್ಮ ವೇಳೆಯಲ್ಲಿ ಐದೂವರೆ ಗಂಟೆ ಕಳೆದು ಬರೆಯಬೇಕು. ಇಷ್ಟು ದಿನ ಅವಳು ಬೆರಳು ಮಡಚಿ ಕಳೆಯುತ್ತಿದ್ದಳು, ಈಗ ಅದೇ ಕಳೆದುಕೊಂಡಿತು. ಕಾಲ್‌ಸೈನು ತಪ್ಪಿದರೆ ಕುಂಯ್ ಅನ್ನುತ್ತಿತ್ತು, ಒಂದೇ ಮಾತುಕತೆಯನ್ನು ಎರಡು ಸಲ ಹಾಕಿದರೆ ಕೆಂಪಗೆ ಸಿಡುಕುತ್ತಿತ್ತು. ಅತ್ತೆ ಇಲ್ಲದ ಮನೆಗೆ ಒಬ್ಬಳು ಅತ್ತೆ ಬಂದಂತಾಯಿತು. ಒಬ್ಬೊಬ್ಬ ಹ್ಯಾಮ್‌ಗೂ ಅದರಲ್ಲಿ ಒಂದೊಂದು ಪುಟ. ಊರಿನ ಕಾಲಂ ಒಂದಿತ್ತು, ಆದರೆ ಅದಕ್ಕೆ ನೆಮ್ಮಾರ್, ಹರಿಹರಪುರ ಎಂದರೆ ಆಗದು. ಭೂಪಟದ ಯಾವುದೋ ಚೌಕದ ಗುರುತು ಬೇಕಂತೆ. ಹಾಳಾಗಿ ಹೋಗಲಿ ಎಂದು ಅವಳು ಊರುಗಳನ್ನೆಲ್ಲ ಕೊನೆಯ ಪುಟ್ಟ ಷರಾ ಕಾಲಂಗೆ ಮೊಟಕು ಮಾಡಿ ತುಂಬಿದಳು. ಶಿವರಾತ್ರಿ ಕಳೆದ ಮೇಲೆ ಅಷ್ಟನ್ನೂ ಫ್ಲಾಪಿಗೆ ಹಾಕಿ ಸಿರಾಜುದ್ದೀನನ ಕೈಗೆ ಕೊಟ್ಟಳು. ಅವನು ಕೊಪ್ಪದ ಸೈಬರ್ ಕೆಫೆಯಿಂದ ಕಲ್ಲೇಶಪ್ಪನವರಿಗೆ ಕಳಿಸಿದ. ಮೊದಲ ಸಲ ಕಂಪ್ಯೂಟರಿನ ಲಾಗು ಹೋದದ್ದು ಅದೇ, ಅವಳಿಗೆ ಹೆಮ್ಮೆಯೋ ಹೆಮ್ಮೆ.

ಅದಾಗಿ ಕೆಲವು ದಿನಕ್ಕೆ ವೃಷಭೇಂದ್ರಪ್ಪ ಮೊದಲ ಬಸ್ಸಿಗೇ ಕೊಪ್ಪಕ್ಕೆ ಹೊರಟ.

"ಸಿರಾಜನ ಅಂಗಡೀಲಿ ಪವರ್ ಸಪ್ಲೈ ಒಂದು ರಿಪೇರಿಗೆ ಕೊಟ್ಟಿದ್ದೆ, ತಗಂಡ್ ಬರ್ತೀನಿ," ಅಂದ.

"ಅದಕ್ಕೆ ಇಸ್ತ್ರಿ ಅಂಗಿ ಬೇರೆ ಕೇಡು!"

"ಪೇಟೆಗೆ ಹೋಗೋದಲ್ವೇನೇ ಮಾರಾಯ್ತಿ. ಊಟಕ್ಕೆ ಬರ್ತೀನಿ ಬಿಡು."

ಕೆಲವು ದಿನದಿಂದ ಅವನು ಗಂಟಲು ಕಟ್ಟಿದೆ ಎಂದು ನೆಟ್ಟಿನಲ್ಲಿ ಬಾಯಿ ಬಿಡುತ್ತಿರಲಿಲ್ಲ, ಸುಮ್ಮನೆ ಕೇಳಿಕೊಂಡು ಕೂರುತ್ತಿದ್ದ. ಅವತ್ತು ಅವನೂ ಇಲ್ಲ. ಹಾಜರಿ ತಪ್ಪಬಾರದಲ್ಲ ಎಂದು ವೀರಮ್ಮ ಒಲೆ ಮೇಲೆ ಹಾಲಿಟ್ಟು ಬಂದು, ರೇಡಿಯೋ ಹಾಕಿ, ಕಂಪ್ಯೂಟರಿನ ಎದುರು ಕೂತಳು.

"ಎಲ್ಲರಿಗೂ ನಮಸ್ಕಾರ," ಎಂದರು ಕಲ್ಲೇಶಪ್ಪನವರು. ದನಿ ದಿನದ ಹಾಗಿರಲಿಲ್ಲ. "ಹಾಜರಿ ತಗೊಳ್ಳೋದಕ್ಕೆ ಮುಂಚೆ ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ. ಶೆಟ್ಟಿಕೊಪ್ಪದ ನಮ್ಮ ವೃಷಭೇಂದ್ರಪ್ಪನವರು ಸೈಲೆಂಟ್ ಕೀ ಆಗಿದ್ದಾರೆ. ನನಗೂ ಈಗಷ್ಟೇ ತಿಳಿದದ್ದು."

ಹ್ಯಾಮ್‌ಗಳು ಸತ್ತರು ಅನ್ನುವುದಿಲ್ಲ. ಹಿಂದೆ ತಂತಿ ಕಳಿಸುತ್ತಿದ್ದ ಕೀಲಿ ಇತ್ತಲ್ಲ, ಆ ಕೀಲಿ ಸುಮ್ಮನಾಯಿತು, ಸೈಲೆಂಟ್ ಕೀ ಆದರು ಅನ್ನುತ್ತಾರೆ. ವೀರಮ್ಮನಿಗೆ ಆ ಮಾತು ಗೊತ್ತಿತ್ತು. ಹೋದ ವರ್ಷ ಹರಿಹರಪುರದ ಸುಬ್ರಾಯ ಮಾಸ್ಟರು ತೀರಿಕೊಂಡಾಗ ಇದೇ ಕುರ್ಚಿಯಲ್ಲಿ ಕೂತು ಇದೇ ದನಿಯಲ್ಲಿ ಕೇಳಿದ್ದಳು, ಲೊಚಗುಟ್ಟಿದ್ದಳು ಕೂಡ.

ಈಗ ಕಿವಿಗೆ ಕೇಳಿದ್ದು ತಲೆಗೆ ಹೋಗಲಿಲ್ಲ. ಯಾವ ವೃಷಭೇಂದ್ರಪ್ಪ? ಶೆಟ್ಟಿಕೊಪ್ಪದಲ್ಲಿ ಇನ್ನೊಬ್ಬ ವೃಷಭೇಂದ್ರಪ್ಪ ಇದ್ದಾನೆಯೆ? ಅಷ್ಟರಲ್ಲಿ ನೆಮ್ಮಾರಿನ ಗಣಪಯ್ಯನ ಮುದಿ ದನಿ ಬಂತು: "ಎಂತ ಮಾಡೂದು, ಒಳ್ಳೇ ಜೀವ. ನಂಗೆ ಹೆದ್ರಿಕೆ ಇದ್ದೇ ಇತ್ತು." ಶೃಂಗೇರಿಯಿಂದ ಯಾರೋ ಗದ್ಗದವಾಗಿ ಏನೋ ಅಂದರು. ಆಮೇಲೆ ಕಲ್ಲೇಶಪ್ಪನವರು, "ಒಂದು ನಿಮಿಷ ಮೌನ ಆಚರಿಸೋಣ. ಯಾರೂ ಮೈಕ್ ಒತ್ತಬೇಡಿ," ಎಂದರು.

ರೇಡಿಯೋ ಸುಮ್ಮನಾಯಿತು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿದು ಚುಂಯ್ಗುಟ್ಟಿದ್ದು ಕೇಳಿತು. ಅವಳು ಏಳಲಿಲ್ಲ. ಈಗಷ್ಟೇ ಅಂದರಲ್ಲ, ಹಾಗಾದರೆ ಬಸ್ಸಿನಲ್ಲೇ ಹೋದನೆ? ಕೊಪ್ಪದ ಸ್ಟ್ಯಾಂಡಿನಲ್ಲಿ ಬಿದ್ದನೆ? ಯಾರ ಕಾಲ ಹತ್ತಿರ ಬಿದ್ದ, ಯಾರು ನೀರು ಬಿಟ್ಟರು? ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಊರಿಗೆಲ್ಲ ಗೊತ್ತಾಗಿ, ಚಿಕ್ಕಮಗಳೂರಿಗೆ ಗೊತ್ತಾಗಿ, ನೆಮ್ಮಾರಿನ ಕಾಡಿಗೂ ಗೊತ್ತಾಗಿ, ಕಟ್ಟಿಕೊಂಡ ಹೆಂಡತಿಗೆ ಕಡೆಗೆ! ಅದೂ ರೇಡಿಯೋದಲ್ಲಿ! ಫೋನು ಮಾಡೋಣವೆಂದರೆ ರಸ್ತೆ ಅಗಲ ಮಾಡುವವರು ಕೇಬಲ್ಲು ಕಿತ್ತು ಹಾಕಿ ವಾರವಾಗಿತ್ತು. ಮೊಬೈಲು ಶೆಟ್ಟಿಕೊಪ್ಪದಲ್ಲಿ ಹಿಡಿಯುತ್ತಲೇ ಇರಲಿಲ್ಲ.

ಅವಳು ಮೈಕು ಎತ್ತಿ ಗುಂಡಿ ಒತ್ತಿದಳು. ಗಂಡನಿಗಾಗಿ ಎಲ್ಲರೂ ಹಿಡಿದಿದ್ದ ಮೌನವನ್ನು ಒಡೆದವಳು ಅವನ ಹೆಂಡತಿಯೇ.

"ಕಲ್ಲೇಶಪ್ಪನೋರೇ! ಯಾರು ಹೇಳಿದ್ರು ನಿಮಗೆ? ಎಲ್ಲಿದಾರೆ ಅವರು? ಎಲ್ಲಿ ಬಿದ್ರು? ಹೇಳ್ರಿ, ಯಾಕ್ ಸುಮ್ನಿದೀರಿ? ಮಾತಾಡ್ರಿ ಯಾರಾದ್ರೂ!"

ಯಾರೂ ಮಾತಾಡಲಿಲ್ಲ. ಹೇಗೆ ಮಾತಾಡಿಯಾರು? ಅವಳು ಗುಂಡಿ ಬಿಟ್ಟೇ ಇರಲಿಲ್ಲ. ಒತ್ತಿ ಹಿಡಿದಷ್ಟು ಹೊತ್ತೂ ಇವಳದ್ದೇ ಅವರಿಗೆ ಕೇಳುತ್ತದೆ, ಅವರದ್ದು ಇವಳಿಗೆ ಕೇಳದು. ಈಗ ಅಳು ಒತ್ತರಿಸಿ ಬಂತು. ಆ ಅಳುವನ್ನು ಮೂರು ತಾಲ್ಲೂಕೂ ಕೇಳಿತು. ಕೈ ಬೆವೆತು ಮೈಕು ಜಾರಿದಾಗಲೇ ಗುಂಡಿ ಬಿಟ್ಟುಕೊಂಡದ್ದು.

"...ಯಾರದು? ಕಾಲ್‌ಸೈನ್ ಹೇಳಿ. ನಿಮ್ಮ ಕಾಲ್‌ಸೈನ್ ಏನು?" ಕಲ್ಲೇಶಪ್ಪನವರು ಕೂಗುತ್ತಿದ್ದರು. ಪಾಪ, ಅಭ್ಯಾಸಬಲ.

"ಕಾಲ್‌ಸೈನ್ ಇಲ್ಲ ನಂಗೆ. ಅವರ ಹೆಂಡ್ತಿ ನಾನು, ವೀರಮ್ಮ."

ಕಲ್ಲೇಶಪ್ಪನವರು ತಡವರಿಸಿದರು. "ಅಮ್ಮಾ... ನಿಮಗೆ ಗೊತ್ತಿಲ್ವಾ? ಸುದ್ದಿ ನಿಮ್ಮ ಮನೆಯಿಂದಲೇ ಬಂದದ್ದಲ್ವಾ?"

"ನಮ್ಮನೆಯಿಂದಾ?"

ಮನೆಯಲ್ಲಿ ಅವಳೊಬ್ಬಳೇ. ವೀರಮ್ಮ ಕೂತಲ್ಲಿಂದಲೇ ಕೋಣೆಯ ಮೂಲೆ ಮೂಲೆ ನೋಡಿದಳು. ಯಾರು ಬಂದರು, ಯಾರು ಹೇಳಿದರು, ಇದೇನು ದೆವ್ವದ ಚೇಷ್ಟೆ?

ಆಗಲೇ ಅವಸರದ ಇನ್ನೊಂದು ದನಿ ನುಗ್ಗಿತು. "ಅತ್ತಿಗೆ, ನಾನು ಸಿರಾಜು. ಈಗ ಅಂಗಡಿ ಬಾಗ್ಲು ತೆಗೆದು ರೇಡಿಯೋ ಹಾಕಿದೆ. ಎಂತ ಆಯ್ತು? ಯಾಕ್ ಅಳ್ತಿದೀರಿ?"

"ಸಿರಾಜಣ್ಣ, ಅವರು ನಿಮ್ಮಂಗಡಿಗೆ ಬಂದ್ರಾ?"

"ಯಾರು, ವೃಷಭಣ್ಣನಾ? ಇಲ್ಲ."

"ಪವರ್ ಸಪ್ಲೈ ರಿಪೇರಿಗೆ ಕೊಟ್ಟಿದೀನಿ, ತರ್ತೀನಿ ಅಂತ ಮೊದಲ ಬಸ್ಸಿಗೆ ಬಂದಿದಾರಲ್ಲ!"

"ಯಾವ ಪವರ್ ಸಪ್ಲೈ ಅತ್ತಿಗೆ? ಅವನದ್ದು ನನ್ನ ಹತ್ರ ಎಂತದೂ ಇಲ್ಲ."

ಇದು ಎರಡನೇ ಪೆಟ್ಟು. ಸತ್ತನೋ ಬದುಕಿದನೋ ಗೊತ್ತಿಲ್ಲ, ಸುಳ್ಳು ಹೇಳಿ ಹೋಗಿದ್ದಾನೆ ಎಂಬುದಂತೂ ಖಾತ್ರಿಯಾಯಿತು. ವೃಷಭೇಂದ್ರಪ್ಪ ಸುಳ್ಳು ಹೇಳುವುದೆ? ಹಿಟ್ಟಿನಲ್ಲಿ ಒಂದು ಹಿಡಿ ಹೆಚ್ಚು ಕಡಿಮೆ ಮಾಡದ ಮನುಷ್ಯ! ಅತ್ತ ಸಿರಾಜುದ್ದೀನ್, "ಯಾ ಅಲ್ಲಾ," ಎಂದು ತನ್ನಷ್ಟಕ್ಕೇ ಅಂದುಕೊಂಡ. ಆಮೇಲೆ, "ರೇಡಿಯೋ ಬಂದ್ ಮಾಡ್ಬೇಡಿ ಅತ್ತಿಗೆ. ನಂಗೊಂದು ಜಾಗ ಗೊತ್ತು, ನೋಡ್ಕಂಡ್ ಬರ್ತೀನಿ," ಎಂದ. ಅವನ ಸ್ಕೂಟರು ಸ್ಟಾರ್ಟಾದದ್ದು ಇಲ್ಲಿಗೆ ಕೇಳಲಿಲ್ಲ, ಆದರೆ ಕೇಳಿದ ಹಾಗಾಯಿತು.

ಯಾವ ಜಾಗ? ಸಿರಾಜಣ್ಣನಿಗೆ ಗೊತ್ತಿದ್ದು ತನಗೆ ಗೊತ್ತಿಲ್ಲದ ಜಾಗ ಯಾವುದು? ವೀರಮ್ಮ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಕೂತಳು. "ಬದುಕಿರಲಿ ಶಿವನೇ, ಎಲ್ಲಾದರೂ ಇರಲಿ, ಯಾರ ಮನೆಯಲ್ಲಾದರೂ ಇರಲಿ, ಬದುಕಿದ್ದರೆ ಸಾಕು." ಹೊರಗೆ ಗಿರಣಿಯ ಬಾಗಿಲಲ್ಲಿ ಯಾರೋ ಹೆಂಗಸು ಅಕ್ಕಿಯ ಡಬ್ಬಿ ಇಳಿಸಿ, "ವೀರಮ್ಮಾ, ಗಿರಣಿ ಶುರು ಮಾಡಲ್ವಾ? ರೊಟ್ಟಿಗೆ ಹಿಟ್ಟಿಲ್ಲ," ಎಂದು ಕೂಗಿದಳು. ಲೋಕಕ್ಕೆ ರೊಟ್ಟಿಯ ಚಿಂತೆ. ಕಾದು ಕಾದು ಆ ಹೆಂಗಸು ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದಳು.

ರೇಡಿಯೋದಲ್ಲೂ ಯಾರ ಮಾತಿಲ್ಲ. ಎಲ್ಲರೂ ಅಲ್ಲೇ ಇದ್ದಾರೆ, ಕಿವಿಗೊಟ್ಟು ಕೂತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು.

ಕೊನೆಗೆ ಕಟಕ್ ಎಂದಿತು.

"ವೀರಾ."

ಅವಳು ಮೈಕು ಮುಟ್ಟಲಿಲ್ಲ. ಮುಟ್ಟಿದರೆ ಆ ದನಿ ನಿಂತು ಹೋದೀತು ಎಂದು ಹೆದರಿಕೆ.

"ವೀರಾ, ನಾನೇ ಕಣೇ. ಬದುಕಿದೀನಿ ಮಾರಾಯ್ತಿ. ಸಿರಾಜನ ಅಂಗಡೀಲಿ ಕೂತಿದೀನಿ." ಏದುಸಿರು ಬಿಡುತ್ತಿದ್ದ. ಆಮೇಲೆ ಅವನ ಬುದ್ಧಿ ಎಲ್ಲಿ ಹೋದೀತು: "ಅಲ್ವೇ, ಲೈಸೆನ್ಸ್ ಇಲ್ದೆ ಮೈಕ್ ಮುಟ್ಟಿದ್ಯಂತಲ್ಲ? ದಿಲ್ಲಿಯೋರು ಬಂದು ನನ್ನ ಲೈಸೆನ್ಸ್ ಕಿತ್ಕೊಂಡ್ ಹೋದ್ರೆ ಏನ್ ಮಾಡ್ತೀ?"

ವೀರಮ್ಮ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಗುಂಡಿ ಒತ್ತದೆ ಅತ್ತಳು, ಇದು ಯಾರಿಗೂ ಕೇಳಬೇಕಾಗಿರಲಿಲ್ಲ. ರೇಡಿಯೋದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು, ಗುರುವೇ, ದೇವರೇ, ಅಲ್ಲಾ, ಎಲ್ಲರನ್ನೂ ಕರೆಯುತ್ತಿದ್ದರು. ಕಲ್ಲೇಶಪ್ಪನವರ ದನಿ ಮಾತ್ರ ಬೆಪ್ಪಾಗಿತ್ತು.

"ವೃಷಭೇಂದ್ರಪ್ಪನೋರೇ, ಕ್ಷಮಿಸಬೇಕು. ನಿಮ್ಮ ಮನೆಯಿಂದ ಬಂದ ಫೈಲು. ಇವತ್ತು ಬೆಳಿಗ್ಗೆ ತೆರೆದು ನೋಡ್ತೀನಿ, ನಿಮ್ಮ ಪುಟದಲ್ಲಿ ಕಾಲ್‌ಸೈನ್ ಎದುರಿಗೆ ರಿಮಾರ್ಕ್ಸ್‌ನಲ್ಲಿ ಎಸ್, ಕೆ ಅಂತ ಇದೆ. ಸೈಲೆಂಟ್ ಕೀ. ಲಾಗಿನಲ್ಲಿ ತೀರಿಕೊಂಡವರಿಗೆ ಹಾಗೇ ತಾನೆ ಹಾಕೋದು?"

ವೀರಮ್ಮ ತಲೆ ಎತ್ತಿ ಕಂಪ್ಯೂಟರಿನಲ್ಲಿ ಗಂಡನ ಪುಟ ತೆರೆದಳು. ಹೌದು, ಇದೆ. ಅವಳೇ ಒತ್ತಿದ ಎರಡಕ್ಷರ. ಕೊಪ್ಪದವರಿಗೆ ಕೆ, ಪಿ. ನೆಮ್ಮಾರಿನವರಿಗೆ ಎನ್, ಎಂ. ಶೆಟ್ಟಿಕೊಪ್ಪಕ್ಕೆ ಎಸ್, ಕೆ. ಮಂಡಿಗೆ ಹೋಗುವ ಅಡಿಕೆ ಮೂಟೆಯ ಮೇಲೆ ಶೆಟ್ಟಿಕೊಪ್ಪದವರು ಅಜ್ಜನ ಕಾಲದಿಂದ ಬಣ್ಣದಲ್ಲಿ ಬರೆಯುವುದು ಅದನ್ನೇ. ಶಿವಮೊಗ್ಗದ ಹಮಾಲಿಗೂ ಗೊತ್ತು ಎಸ್.ಕೆ. ಎಂದರೆ ಶೆಟ್ಟಿಕೊಪ್ಪ ಎಂದು. ಸೈಲೆಂಟ್ ಕೀ ಎಂಬ ಮಾತನ್ನು ಅವಳು ಕಿವಿಯಲ್ಲಿ ಕೇಳಿದ್ದಳೇ ಹೊರತು ಅದಕ್ಕೂ ಒಂದು ಮೊಟಕು ಇದೆ, ಅದೂ ಇದೇ, ಎಂದು ಅವಳಿಗೆ ಯಾರು ಹೇಳಿದ್ದರು?

"ಅದು ಊರಿನ ಹೆಸರು," ಎಂದಳು ಗುಂಡಿ ಒತ್ತಿ. "ಶೆಟ್ಟಿಕೊಪ್ಪ. ನಾನೇ ಹಾಕಿದ್ದು."

ನಗೆಯೆಂದರೆ ನಗೆ. ಗಣಪಯ್ಯನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. "ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು," ಎಂದ. "ನೋಡ್ರಪ್ಪಾ, ಕೈ ಹಿಡಿದೋಳ ಕೈಯಲ್ಲೇ ಸತ್ತೆ ನಾನು," ಎಂದ ವೃಷಭೇಂದ್ರಪ್ಪ. ವೀರಮ್ಮನೂ ನಕ್ಕಳು. ಕಣ್ಣು ಒರೆಸಿಕೊಳ್ಳುತ್ತ, ಮೂಗು ಸೀಟಿಕೊಳ್ಳುತ್ತ, ಹುಚ್ಚಿಯ ಹಾಗೆ ಒಬ್ಬಳೇ ನಕ್ಕಳು. ಷರಾ ಕಾಲಂನ ಎರಡಕ್ಷರವನ್ನು ಅಳಿಸಿ, ಇಂಗ್ಲಿಷಿನಲ್ಲಿ ಶೆಟ್ಟಿಕೊಪ್ಪ ಎಂದು ಉದ್ದಕ್ಕೆ ಒತ್ತತೊಡಗಿದಳು.

ಅರ್ಧ ಒತ್ತಿದವಳು ನಿಲ್ಲಿಸಿದಳು. ಏನೋ ಸರಿಯಿಲ್ಲ. ಹರಿಹರಪುರದ ಮಾಸ್ಟರು ಹೋದಾಗ ಎಲ್ಲರೂ ಮೊದಲು ಕೇಳಿದ್ದು, ಅಯ್ಯೋ ಹೌದಾ, ಹೇಗಾಯಿತು, ಎಂದು. ಎಂಬತ್ತು ದಾಟಿದ ಮುದುಕರಿಗೇ ಹಾಗೆ. ಇವತ್ತು ಒಬ್ಬನಾದರೂ ಕೇಳಿದನೆ?

ಅವಳು ಮತ್ತೆ ಗುಂಡಿ ಒತ್ತಿದಳು.

"ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಎರಡಕ್ಷರ ನೋಡಿದ ಕೂಡ್ಲೇ ನಂಬಿಬಿಟ್ರಲ್ಲ, ಯಾಕೆ? ಐವತ್ತು ತುಂಬದ ಮನುಷ್ಯ, ಗಟ್ಟಿಮುಟ್ಟಾಗಿರೋರು. ಏನಾಗಿತ್ತು, ಹೆಂಗೆ ಹೋದ್ರು ಅಂತ ಒಬ್ರೂ ಕೇಳ್ಲಿಲ್ಲ. ಯಾಕೆ ಕೇಳ್ಲಿಲ್ಲ?"

ಗುಂಡಿ ಬಿಟ್ಟು ಕಾದಳು. ಇಷ್ಟು ಹೊತ್ತು ಗದ್ದಲವಾಗಿದ್ದ ರೇಡಿಯೋ ತಣ್ಣಗಾಯಿತು. ಕಲ್ಲೇಶಪ್ಪನವರಿಲ್ಲ, ಶೃಂಗೇರಿಯವರಿಲ್ಲ, ಸಿರಾಜನೂ ಇಲ್ಲ. ವಯಸ್ಸಾದ ಗಣಪಯ್ಯನೊಬ್ಬನೇ ತಡೆಯಲಾರದೆ ಬಾಯಿಬಿಟ್ಟ.

"ಅಲ್ಲ ತಂಗೀ, ಅವನ ಎದೆ ವಿಷಯ... ನಿಂಗೆ ಗೊತ್ತಿಲ್ಯಾ?"

"ಗಣಪಯ್ಯ, ಬೇಡ!" ವೃಷಭೇಂದ್ರಪ್ಪನ ದನಿ.

"ಎದೇದು ಎಂತ ವಿಷಯ?" ಎಂದಳು ವೀರಮ್ಮ.

"ರಕ್ತನಾಳ ಮುಚ್ಚಿಕೊಂಡಿದೆ, ಬೇಗ ಆಪರೇಷನ್ ಆಗ್ಬೇಕು ಅಂತ ಮಣಿಪಾಲದಲ್ಲಿ ಹೇಳಿದಾರಂತೆ. ಅವನೇ ಹೇಳಿದ್ದು ನಮ್ಗೆಲ್ಲ. ಮಾಡಿಸ್ಕೋ ಮಾರಾಯ ಅಂತ ನಾವೂ ಹೇಳಿ ಹೇಳಿ ಸಾಕಾಯ್ತು, ಕೊನೆಗೆ ಈ ಮಾತು ನೆಟ್ಟಲ್ಲಿ ತೆಗೀಬೇಡಿ ಅಂದ. ನಿಂಗೆ ಹೇಳಿದಾನೆ ಅಂದ್ಕಂಡಿದ್ದೆ ತಂಗೀ. ನಂಗೆಂತ ಗೊತ್ತು."

ವೀರಮ್ಮನಿಗೆ ಆ ಕ್ಷಣ ಸಾವಿನ ಸುದ್ದಿ ಕೇಳಿದಾಗಲೂ ಆಗದಷ್ಟು ದಿಗಿಲಾಯಿತು. ಎಲ್ಲರಿಗೂ ಗೊತ್ತು! ಯಾವಾಗ ಹೇಳಿದ? ಕಾರ್ತಿಕದಲ್ಲಿ ಅವಳು ತವರಿಗೆ ಹೋಗಿದ್ದ ವಾರವೇ ಇರಬೇಕು. ಆ ವಾರದ ಲಾಗನ್ನು ಅವನು ಪುಸ್ತಕದಲ್ಲಿ ಗೀಚಿಟ್ಟಿದ್ದ, ಸಂಕ್ರಾಂತಿಯ ಮೇಲೆ ಅವಳೇ ಸಾಲು ಸಾಲಾಗಿ ಕಂಪ್ಯೂಟರಿಗೆ ಏರಿಸಿದ್ದಳು. ಗಣಪಯ್ಯ, ದನಿ ಸ್ಪಷ್ಟ. ಕಲ್ಲೇಶಪ್ಪ, ದನಿ ಸ್ಪಷ್ಟ. ಸಿರಾಜು, ದನಿ ಸ್ಪಷ್ಟ. ಲಾಗಿನಲ್ಲಿ ಯಾರು, ಯಾವಾಗ ಎಂಬುದಿರುತ್ತದೆ. ಏನು ಮಾತಾಡಿದರು ಎಂಬುದಕ್ಕೆ ಕಾಲಂ ಇರುವುದಿಲ್ಲ. ತನ್ನ ಗಂಡನ ಜೀವದ ಮಾತನ್ನು ತಾನೇ ತಪ್ಪಿಲ್ಲದೆ ಟೈಪು ಮಾಡಿ, ಸೇವ್ ಮಾಡಿ, ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದ್ದಳು.

ರೇಡಿಯೋದಲ್ಲಿ ಯಾರೋ ಗುಂಡಿ ಒತ್ತಿ ಹಿಡಿದ ಸಪ್ಪಳ. ಮಾತಿಲ್ಲ. ಅದು ಕೊಪ್ಪದಿಂದ, ಅವನೇ, ಎಂದು ಅವಳಿಗೆ ತಿಳಿಯಿತು. ಅವನು ಒತ್ತಿ ಹಿಡಿದೇ ಇದ್ದ, ಆಮೇಲೆ ಬಿಟ್ಟ. ಅವಳು ರೇಡಿಯೋ ಆರಿಸಿ ಎದ್ದಳು.

ಸಿರಾಜುದ್ದೀನನ ಸ್ಕೂಟರು ಗಿರಣಿಯ ಮುಂದೆ ನಿಂತಾಗ ಅವಳು ಬಾಗಿಲಲ್ಲೇ ಇದ್ದಳು. ವೃಷಭೇಂದ್ರಪ್ಪ ಹಿಂದಿನ ಸೀಟಿನಿಂದ ನಿಧಾನಕ್ಕೆ ಇಳಿದ. ಇಸ್ತ್ರಿ ಅಂಗಿಯ ಗುಂಡಿಗಳು ಒಂದಕ್ಕೊಂದು ತಪ್ಪಿ ಬಿದ್ದಿದ್ದವು, ಎದೆಯ ಮೇಲೆ ಇ.ಸಿ.ಜಿ.ಯವರು ಹಚ್ಚಿದ ಅಂಟು ಹೊಳೆಯುತ್ತಿತ್ತು. ಸಿರಾಜು ಕಂಡುಹಿಡಿದ ಜಾಗ ಯಾವುದೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

"ನಂಗೂ ಗೊತ್ತಿತ್ತು ಅತ್ತಿಗೆ," ಎಂದ ಸಿರಾಜುದ್ದೀನ್, ನೆಲ ನೋಡುತ್ತ. "ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ದ." ಅವನು ಸ್ಕೂಟರು ತಿರುಗಿಸಿಕೊಂಡು ಹೋದ.

"ಸತ್ತು ಬಂದೋನಿಗೆ ಒಂದು ಲೋಟ ಕಾಫಿನೂ ಇಲ್ವೇನೇ?" ವೃಷಭೇಂದ್ರಪ್ಪ ನಗಲು ನೋಡಿದ. ಅವಳು ನಗದಿದ್ದುದನ್ನು ಕಂಡು ಅವನ ಮುಖ ಇಳಿಯಿತು.

"ನೆಮ್ಮಾರಿಗೆ ಹೇಳಿದ್ರಿ. ಚಿಕ್ಕಮಗಳೂರಿಗೆ ಹೇಳಿದ್ರಿ. ಶೃಂಗೇರಿಯೋರಿಗೂ ಹೇಳಿದ್ರಿ. ನಾನೇನು ಪಾಪ ಮಾಡಿದ್ದೆ?"

ಅವನು ಒಳಗೆ ಬಂದು ರೇಡಿಯೋ ಕೋಣೆಯ ಕುರ್ಚಿಯಲ್ಲಿ ಕೂತು ಅಂಗೈ ತಿಕ್ಕಿಕೊಂಡ.

"ಅವರಿಗೆ ಹೇಳೋದು ಸುಲಭ ವೀರಾ. ಮುಖ ಕಾಣಲ್ಲ," ಎಂದ. "ನಿನ್ನ ಮುಖ ನೋಡ್ಕಂಡು ಹೇಳಕ್ಕೆ ಎಷ್ಟು ಸಲ ಕೂತೆ. ಆಗ್ಲಿಲ್ಲ."

ವೀರಮ್ಮ ಅವನನ್ನು ನೋಡಿದಳು. ಆಮೇಲೆ ಮೂಲೆಯ ಸ್ಟೂಲನ್ನು ಎಳೆದು, ಅವನಿಗೆ ಬೆನ್ನು ಹಾಕಿ, ಗೋಡೆ ನೋಡಿಕೊಂಡು ಕೂತಳು.

"ಸರಿ. ಈಗ ಮುಖ ಕಾಣಲ್ಲ. ಹೇಳಿ."

ಅವನು ಹೇಳಿದ. ದೀಪಾವಳಿಗೆ ಮುಂಚೆ ಗಿರಣಿಯ ಬೆಲ್ಟು ಹಾಕುವಾಗ ಎದೆಯಲ್ಲಿ ಕಲ್ಲಿಟ್ಟಂತಾದದ್ದು, ಅಡಿಕೆ ಮಂಡಿಗೆ ಎಂದು ಹೇಳಿ ಮಣಿಪಾಲಕ್ಕೆ ಹೋದದ್ದು, ಡಾಕ್ಟರು ತಡ ಮಾಡಬೇಡಿ ಅಂದದ್ದು, ಕೊಟ್ಟ ತಾರೀಕಿಗೆ ಹೋಗದೆ ತಪ್ಪಿಸಿಕೊಂಡದ್ದು. ಗಂಟಲು ಕಟ್ಟಿದ್ದಲ್ಲ, ಒಂದು ಉಸಿರಿಗೆ ಎರಡು ಮಾತು ಸಾಗುತ್ತಿರಲಿಲ್ಲ ಎಂದೂ ಹೇಳಿದ. ಇವತ್ತು ಕೊಪ್ಪದ ಡಾಕ್ಟರೂ ಅದನ್ನೇ ಹೇಳಿದರು, ಈ ಸಲ ಬೈದು ಹೇಳಿದರು. ಅವಳು ಗೋಡೆಯನ್ನೇ ನೋಡುತ್ತ ಕೇಳಿದಳು. ದೀಪಾವಳಿ ಎಂದಾಗ ಮಾತ್ರ ಅವಳ ಬೆನ್ನು ಸೆಟೆದುಕೊಂಡಿತು.

"ನಾಳೆ ಮಣಿಪಾಲಕ್ಕೆ ಹೊರಡೋದು," ಎಂದಳು. "ಇಬ್ರೂ."

"ಹೂಂ."

"ಇನ್ನೊಂದು ಕೇಳ್ತೀನಿ. ಸಂಕ್ರಾಂತಿ ಹೊತ್ತಿಗೆ ಗಿರಣಿ ತುಂಬ ಅಕ್ಕಿ ಬಂದಿತ್ತು. ದಿನಾ ನಾನು ನಿಮಗೆ ಸೋಮಾರಿ ಅಂತ ಬೈದೆ. ಮೂಟೆ ಎತ್ತಕ್ಕೂ ಆಗಲ್ವಾ, ಗಂಡಸಲ್ವಾ ಅಂದೆ. ನಾನು ಅಂದಾಗೆಲ್ಲ ಎತ್ತಿದ್ರಿ. ಇಷ್ಟೆಲ್ಲ ಇಟ್ಕಂಡು ಯಾಕ್ ಎತ್ತಿದ್ರಿ?"

ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು.

"ಎತ್ತದೇ ಹೋಗಿದ್ರೆ, ಯಾಕೆ ಅಂತ ನೀನು ಕೇಳ್ತಿದ್ದೆ."

ವೀರಮ್ಮ ಸ್ಟೂಲಿನ ಮೇಲೆ ಮೆಲ್ಲಗೆ ತಿರುಗಿ ಅವನ ಮುಖ ನೋಡಿದಳು.